ಬಚ್ಚಲಲ್ಲಿ ಬಚ್ಚಿಟ್ಟ ಅತ್ತೆ

ಎಲಿಯುಟೇರಿಯೊ ಎಂದು ಚರ್ಚಿನಲ್ಲಿ ಹೆಸರಿಡಿಸಿಕೊಂಡು, ಟೆರ್ಯೊ ಎಂದು ಊರವರಿಂದ ಕರೆಸಿಕೊಳ್ಳುತ್ತಿದ್ದ ನಮ್ಮ ಕಥಾನಾಯಕನಿಗೆ ಇಂಗ್ಲಿಷ್ ಬಹಳ ಚೆನ್ನಾಗಿ ಬರುತ್ತದೆ ಎಂಬ ಕೀರ್ತಿಯಿತ್ತು. ಫಿಲಿಪ್ಪೀನ್ಸಿನ ಇಲೋಯ್ಲೊ ಪಟ್ಟಣದಲ್ಲಿ ಅವನು ಮದುವೆಗೆ, ನಾಮಕರಣಕ್ಕೆ, ಹೆಣ ಕಾಯುವ ಜಾಗರಣೆಗೆ ಕುರ್ಚಿ, ಶಾಮಿಯಾನ, ಮೈಕು ಬಾಡಿಗೆಗೆ ಕೊಡುತ್ತಿದ್ದ. ಮೈಕು ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ನೋಡಲು ತಾನೇ ಅದರ ಮುಂದೆ ನಿಂತು, ಹೊಟ್ಟೆಯೊಳಗಿಂದ ದನಿ ತೆಗೆದು, "ಲೇಡೀಸ್ ಅಂಡ್ ಜೆಂಟಲ್‌ಮೆನ್, ಎ ವೆರಿ ಗುಡ್ ಈವಿನಿಂಗ್" ಎನ್ನುತ್ತಿದ್ದ. ಮದುವೆ ಮನೆಯಲ್ಲಿ ಜನ ತಲೆದೂಗುತ್ತಿದ್ದರು. ಸಾವಿನ ಮನೆಯಲ್ಲಿ ಅಳುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಆ ವಾಕ್ಯದ ನಂತರದ ವಾಕ್ಯವನ್ನು ಮಾತ್ರ ಈವರೆಗೆ ಯಾರೂ ಕೇಳಿರಲಿಲ್ಲ.

ಅವನ ಇಂಗ್ಲಿಷು ಹೊರಗೆ ಹೋಗುವ ಇಂಗ್ಲಿಷು. ಒಳಗೆ ಬರಲು ಅದಕ್ಕೆ ಬಾಗಿಲಿರಲಿಲ್ಲ. ಬೇರೆಯವರು ಆ ಭಾಷೆಯಲ್ಲಿ ಸ್ವಲ್ಪ ಬೇಗ ಮಾತಾಡಿದರೆ ಟೆರ್ಯೊ ಗಂಭೀರವಾಗಿ ಹುಬ್ಬು ಗಂಟಿಕ್ಕಿ, ಎಲ್ಲ ಮುಗಿದ ಮೇಲೆ "ಎಸ್ ಸರ್" ಎನ್ನುತ್ತಿದ್ದ. ಇಲೋಯ್ಲೊದಲ್ಲಿ ಇದರಿಂದ ಯಾರಿಗೂ ನಷ್ಟವಾಗಿರಲಿಲ್ಲ. ಆದರೆ ಹೆಂಡತಿ ಫೆಲಿಸಿತಾಸ್‌ಳಿಗೆ ಷಿಕಾಗೊದ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಗಂಡನಾದ ತಪ್ಪಿಗೆ ಇವನಿಗೂ ವೀಸಾ ಬಂತು.

ಹೊರಟವರು ಫೆಲಿ, ಟೆರ್ಯೊ, ಹೈಸ್ಕೂಲಿಗೆ ಹೋಗುವ ಮಗಳು ಜೆನಲಿನ್, ಮತ್ತು ಫೆಲಿಯ ತಾಯಿ ಪೂರಿಂಗ್. ಪೂರಿಂಗ್ ಮುದುಕಿ ಬರೀ ನೋಡಿಕೊಂಡು ಹೋಗಲು ಬರುವ ವೀಸಾದಲ್ಲಿ ಬಂದಿದ್ದಳು. ಏನು ನೋಡಲು ಎಂದು ದೂತಾವಾಸದವರು ಕೇಳಿದಾಗ, "ಅಳಿಯ ನನ್ನ ಮಗಳನ್ನ ಹೇಗಿಟ್ಟುಕೊಳ್ತಾನೆ ನೋಡೋಕೆ" ಎಂದು ನೇರವಾಗಿ ಹೇಳಿದ್ದಳಂತೆ. ಕೇಳಿದವನೂ ಅಳಿಯನಾಗಿದ್ದಿರಬೇಕು, ಕೂಡಲೇ ಮುದ್ರೆ ಒತ್ತಿದ. ಆಯುಷ್ಯವೆಲ್ಲ ಸಂತೆಯಲ್ಲಿ ಮೀನು ಮಾರಿದ ಹೆಂಗಸು. ಮೆಲುದನಿ ಎಂಬುದೊಂದಿದೆ ಎಂದು ಅವಳಿಗೆ ತಿಳಿದೇ ಇರಲಿಲ್ಲ.

ಷಿಕಾಗೊಗೆ ಇಳಿದ ದಿನ ಹಿಮ ಬೀಳುತ್ತಿತ್ತು. ಆಸ್ಪತ್ರೆಯವರು ಗೊತ್ತು ಮಾಡಿದ್ದ ಹಳೇ ಇಟ್ಟಿಗೆ ಕಟ್ಟಡದ ಮುಂದೆ ವ್ಯಾನು ನಿಂತಿತು. ಹೆಂಗಸರು ಮೂವರೂ ಚಳಿಗೆ ವ್ಯಾನಿನಲ್ಲೇ ಮುದುರಿ ಕೂತರು. ಟೆರ್ಯೊ ಒಂದು ಹಳೇ ಟೋಪಿ ಕಿವಿಯವರೆಗೆ ಎಳೆದುಕೊಂಡು, ಡ್ರೈವರನ ಜೊತೆ ಪೆಟ್ಟಿಗೆಗಳನ್ನು ಹೆಗಲ ಮೇಲೆ ಹೊತ್ತು ಎರಡನೇ ಮಹಡಿಗೆ ಸಾಗಿಸತೊಡಗಿದ. ಆಗ ಕಟ್ಟಡದ ಮ್ಯಾನೇಜರ್ ಟಿಸ್‌ಡೇಲ್ ಎಂಬ ಭಾರಿ ಆಳು ಹಿಮ ಬಾಚುವ ಸಲಿಕೆ ಹಿಡಿದು ಬಂದ. ವ್ಯಾನಿನ ಕಡೆ ಕೈ ತೋರಿಸಿ ಏನೋ ಕೇಳಿದ. ಆ ಇಂಗ್ಲಿಷಿನ ಪ್ರವಾಹದಲ್ಲಿ ಟೆರ್ಯೊನ ಕೈಗೆ ಸಿಕ್ಕಿದ್ದು "ಮೂರು ಜನ" ಎಂಬ ಎರಡೇ ಕಡ್ಡಿ.

"ಎಸ್ ಸರ್" ಎಂದ ಟೆರ್ಯೊ.

ಮ್ಯಾನೇಜರ್ ತೃಪ್ತಿಯಿಂದ ತಲೆಯಾಡಿಸಿ ಹೊರಟುಹೋದ. ಪೆಟ್ಟಿಗೆಯನ್ನು ಮೇಲಿಟ್ಟು ಬೆನ್ನು ನೇರ ಮಾಡಿಕೊಂಡಾಗಲೇ ಟೆರ್ಯೊಗೆ ತಮ್ಮನ್ನು ಎಣಿಸುವ ಬುದ್ಧಿ ಬಂದದ್ದು. ಎಷ್ಟು ಸಲ ಎಣಿಸಿದರೂ ನಾಲ್ಕೇ ಬರುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಮರುದಿನ ಕೆಳಗಿಳಿದು ಸರಿಪಡಿಸಿಕೊಳ್ಳಬಹುದಿತ್ತು. ಆದರೆ ಕೆಳಗೆ ಅಂಚೆ ಡಬ್ಬಿಗಳ ಪಕ್ಕದಲ್ಲಿ ದಪ್ಪ ಅಕ್ಷರದ ಒಂದು ಸೂಚನೆ ಅಂಟಿಸಿತ್ತು. ಜೆನಲಿನ್ ಗಟ್ಟಿಯಾಗಿ ಓದಿದಳು.

"ಹೆಸರು ಬರೆಸದ ಯಾರೂ ಈ ಕಟ್ಟಡದಲ್ಲಿ ವಾಸ ಮಾಡಬಾರದಂತೆ ಡ್ಯಾಡಿ. ಮಾಡಿದ್ರೆ ಇಡೀ ಮನೆಯವರನ್ನ ಖಾಲಿ ಮಾಡಿಸ್ತಾರಂತೆ."

"ಈ ಚಳೀಲಾ?"

"ಚಳೀಲೋ ಬಿಸಿಲಲ್ಲೋ ಅಂತ ಬರೆದಿಲ್ಲ."

ಫೆಲಿಗೆ ಆಗಲೇ ಆಸ್ಪತ್ರೆಯಲ್ಲಿ ತರಬೇತಿ ಶುರುವಾಗಿತ್ತು. ಮನೆಗೆ ಬರುವ ಹೊತ್ತಿಗೆ ಅವಳ ಕಣ್ಣು ಮುಚ್ಚಿ, ಬಾಯಿ ಮಾತ್ರ ತೆರೆದಿರುತ್ತಿತ್ತು.

"ಇದಕ್ಯಾಕೆ ಒದ್ದಾಡ್ತೀಯ? ಕೆಳಗೆ ಹೋಗಿ, ನಮ್ಮತ್ತೇನೂ ಇದಾರೆ ಸರ್, ಹೆಸರು ಬರ್ಕೊಳ್ಳಿ ಅನ್ನು. ಅಷ್ಟೇ ತಾನೆ? ನಿನ್ನ ಇಂಗ್ಲಿಷ್ ಅಷ್ಟು ಚೆನ್ನಾಗಿದೆಯಲ್ಲ."

ಕೊನೆಯ ಮಾತು ಅವನಿಗೆ ಚುಚ್ಚಿತು. ಅದನ್ನು ಹೊಗಳಿಕೆ ಎಂದು ತೆಗೆದುಕೊಂಡು ಕೆಳಗಿಳಿದ. ಟಿಸ್‌ಡೇಲ್ ಬಾಯ್ಲರ್ ಕೋಣೆಯ ಮುಂದೆ ನಿಂತಿದ್ದ.

"ಎ ವೆರಿ ಗುಡ್ ಮಾರ್ನಿಂಗ್ ಸರ್" ಎಂದು ಟೆರ್ಯೊ ಕಟ್ಟಡ ಪ್ರತಿಧ್ವನಿಸುವಂತೆ ಹೇಳಿದ.

ಟಿಸ್‌ಡೇಲ್ ಬೆಚ್ಚಿ, ನಕ್ಕು, ಪೆಟ್ಟಿಗೆಗಳ ಬಗ್ಗೆ ಏನೋ ಕೇಳಿದ. ಮೇಲೆ ಕೈ ತೋರಿಸಿದ. "ಇನ್ನೂ" ಎಂಬ ಮಾತು ಎರಡು ಸಲ ಬಂತು. ಆಮೇಲೆ ಪಾಪ ಎನ್ನುವ ಮುಖ ಮಾಡಿ, ಕಾಗದದ ಲೋಟದಲ್ಲಿ ಕಾಫಿ ಕೊಟ್ಟು ಬೆನ್ನು ತಟ್ಟಿದ. ಟೆರ್ಯೊ ಎಲ್ಲದಕ್ಕೂ "ಎಸ್ ಸರ್" ಎಂದು, ಕಾಫಿ ಕುಡಿದು, ಬಂದ ಕೆಲಸವನ್ನು ಹಾಗೇ ಹೊತ್ತುಕೊಂಡು ಮೇಲೆ ಬಂದ.

"ಏನಂದ್ರು?" ಎಂದಳು ಫೆಲಿ.

ಇಲ್ಲಿ ಅವನು ನಿಜ ಹೇಳಬೇಕಿತ್ತು. ಆದರೆ ಮಗಳು ನೋಡುತ್ತಿದ್ದಳು, ಅತ್ತೆ ನೋಡುತ್ತಿದ್ದಳು.

"ಎಲ್ಲಾ ವಿವರವಾಗಿ ಮಾತಾಡ್ದೆ. ಕಾಫಿ ಬೇರೆ ಕೊಟ್ರು. ಸ್ವಲ್ಪ ದಿನ ತಡೀರಿ, ಅಲ್ಲೀವರೆಗೆ ನಾನಾಯ್ ಯಾರ ಕಣ್ಣಿಗೂ ಬೀಳದ ಹಾಗೆ ನೋಡ್ಕೊಳ್ಳಿ ಅಂದ್ರು."

ಹೆಂಡತಿಯಂತೆ ಅವನೂ ಅತ್ತೆಯನ್ನು ನಾನಾಯ್, ಅಂದರೆ ಅಮ್ಮ ಎಂದೇ ಕರೆಯುತ್ತಿದ್ದ. ಅಮ್ಮ ಎಂಬುದು ಕರುಳಿಗೆ ಹತ್ತಿರದ ಮಾತಾದರೂ ಅವನು ಅದನ್ನು ಉಚ್ಚರಿಸುವಾಗ ಒಂದು ಹೆಜ್ಜೆ ಹಿಂದೆ ಸರಿದಿರುತ್ತಿದ್ದ.

"ಕಣ್ಣಿಗೆ ಬೀಳದ ಹಾಗೆ ಅಂದ್ರೆ? ನಾನೇನು ಕದ್ದ ಮಾಲಾ?" ಎಂದಳು ಪೂರಿಂಗ್.

"ಸ್ವಲ್ಪ ದಿನ ನಾನಾಯ್."

"ಸಂತೇಲಿ ಪೊಲೀಸ್ರು ಬಂದಾಗ್ಲೂ ನಾನು ಬುಟ್ಟಿ ಎತ್ತಿದೋಳಲ್ಲ. ಇಲ್ಲಿ ನಿನ್ನ ಮಾತು ಕೇಳಿ ಬಚ್ಚಿಟ್ಕೋಬೇಕಾ?"

ಹಾಗೆ ಪೂರಿಂಗ್ ಮುದುಕಿಯ ಬಚ್ಚಲುವಾಸ ಆರಂಭವಾಯಿತು. ಯಾರಾದರೂ ಬಾಗಿಲು ತಟ್ಟಿದರೆ ಸಾಕು, ಟೆರ್ಯೊ ಕೈಬೀಸಿ ಸನ್ನೆ ಮಾಡುತ್ತಿದ್ದ. ಮುದುಕಿ ತನ್ನ ಹೊಲಿಗೆಯನ್ನೋ, ಹೆಚ್ಚುತ್ತಿದ್ದ ತರಕಾರಿಯನ್ನೋ ಎತ್ತಿಕೊಂಡು ಬಚ್ಚಲಿಗೆ ಹೋಗಿ, ಮಾತು ಕೇಳಿಸದಿರಲೆಂದು ನಲ್ಲಿ ತಿರುಗಿಸಿ ಕೂರಬೇಕಿತ್ತು. ಹೀಟರ್ ನೋಡಲು ಬಂದವನು, ಬೇರೆ ಮನೆಯ ಪಾರ್ಸೆಲ್ ತಪ್ಪಿ ತಂದವನು, ದೇವರ ಬಗ್ಗೆ ಮಾತಾಡಲು ಬಂದ ಇಬ್ಬರು ಹುಡುಗಿಯರು, ಎಲ್ಲರಿಗೂ ಟೆರ್ಯೊ ಕೇಳದೇ ಹೇಳುತ್ತಿದ್ದ: "ಮುದುಕಿ ಯಾರೂ ಇಲ್ಲ. ಮುದುಕಿ ಇಲ್ಲವೇ ಇಲ್ಲ." ಬಚ್ಚಲ ಬಾಗಿಲು ತೆಳುವಾಗಿತ್ತು. ಒಳಗಿದ್ದವಳಿಗೆ ತಾನು ಇಲ್ಲವೆಂಬುದು ದಿನಕ್ಕೆರಡು ಬಾರಿ ಕೇಳಿಸುತ್ತಿತ್ತು.

ಎದುರು ಮನೆಯಲ್ಲಿ ಹಲೀನಾ ವ್ರೋನ ಎಂಬ ಪೋಲೆಂಡಿನ ವಿಧವೆಯಿದ್ದಳು. ಅವಳ ಬಳಿ ಟಿವಿ ಇತ್ತು. ಆದರೆ ತನ್ನ ಮನೆ ಬಾಗಿಲಿನ ಕಿಂಡಿಯೇ ಹೆಚ್ಚು ಮೆಚ್ಚು. ಮೊದಲ ದಿನ ಆ ಕಿಂಡಿಯಲ್ಲಿ ಅವಳು ಕಂಡದ್ದು ಇಷ್ಟು. ಒಬ್ಬ ನರ್ಸು, ಒಬ್ಬಳು ಹುಡುಗಿ, ಒಬ್ಬಳು ಮುದುಕಿ ಒಳಗೆ ಹೋದರು. ಒಬ್ಬ ಗಂಡಸು ಪೆಟ್ಟಿಗೆ ಹೊತ್ತು ಒಳಗೆ ಹೋದ. ಆಮೇಲೆ ನರ್ಸು ದಿನಾ ಹೊರಗೆ ಬಂದಳು, ಹುಡುಗಿ ದಿನಾ ಹೊರಗೆ ಬಂದಳು, ಗಂಡಸು ಕಪ್ಪು ಕಸದ ಚೀಲಗಳನ್ನು ಹಿಡಿದು, ಅತ್ತಿತ್ತ ನೋಡುತ್ತಾ, ತುದಿಗಾಲಲ್ಲಿ ಹೊರಗೆ ಬಂದ. ಮುದುಕಿ ಮಾತ್ರ ಬರಲಿಲ್ಲ.

ಅವಳು ತುಸು ಕಾದಳು. ಆಮೇಲೆ ವಾಸನೆ ಶುರುವಾಯಿತು. ಪೂರಿಂಗ್ ಒಣಮೀನು ಹುರಿಯುತ್ತಿದ್ದಳು. ಹುರಿದ ಒಣಮೀನಿನ ವಾಸನೆ ಬಲ್ಲವರಿಗೆ ಬಾಯಲ್ಲಿ ನೀರು ತರಿಸುತ್ತದೆ. ಅರಿಯದವರ ಮನಸ್ಸಿನಲ್ಲಿ ಬೇರೆ ಯೋಚನೆ ತರಿಸುತ್ತದೆ. ಹಲೀನಾಳ ಮನಸ್ಸಿನಲ್ಲಿ ಆ ಬೇರೆ ಯೋಚನೆಯೇ ಬಂದು ಕೂತಿತು. ಒಂದು ದಿನ ಮೆಟ್ಟಿಲಲ್ಲಿ ಟೆರ್ಯೊನನ್ನು ತಡೆದು ನಿಲ್ಲಿಸಿದಳು.

"ಆ ಅಜ್ಜಿ ಎಲ್ಲಿ?"

ಈ ಇಂಗ್ಲಿಷ್ ಅವನಿಗೆ ಚೆನ್ನಾಗಿ ಅರ್ಥವಾಯಿತು. ಅರ್ಥವಾದದ್ದೇ ಕೆಟ್ಟದ್ದಾಯಿತು.

"ಅಜ್ಜಿಯಾ? ಯಾವ ಅಜ್ಜಿ? ಅಜ್ಜಿ ಫಿನಿಶ್!" ಎಂದು ಕೈ ಝಾಡಿಸಿ, ಕಸದ ಚೀಲ ಎದೆಗವಚಿಕೊಂಡು ಓಡಿದ.

ಹಲೀನಾ ಗೋಡೆ ಹಿಡಿದುಕೊಂಡು ನಿಂತಳು.

ಫೆಲಿಯ ಹುಟ್ಟುಹಬ್ಬದ ದಿನ ಬಂತು. ಆಸ್ಪತ್ರೆಯ ಗೆಳತಿಯರು ಸಂಜೆ ಊಟಕ್ಕೆ ಬರುವವರಿದ್ದರು. ಅವಳಿಗೆ ಪ್ರಾಣವಾದದ್ದು ಹಂದಿಯ ರಕ್ತ ಹಾಕಿ ಕುದಿಸುವ ಕಪ್ಪು ಗೊಜ್ಜು. ಟೆರ್ಯೊ ಫಿಲಿಪ್ಪೀನೋ ಅಂಗಡಿಯಿಂದ ಮಾಂಸ, ಮೂಳೆ, ಡಬ್ಬಿಯ ತುಂಬ ರಕ್ತ ತಂದ. ಅಡಿಗೆಮನೆಯ ಕಟ್ಟೆ ಚಿಕ್ಕದು, ಮೂಳೆ ಕಡಿದರೆ ಅಲುಗಾಡುತ್ತಿತ್ತು. ಪೂರಿಂಗ್ ಬಚ್ಚಲಲ್ಲೇ ಹಲಗೆ ಹಾಕಿಕೊಂಡು, ಮಚ್ಚು ಹಿಡಿದು, ಅಳಿಯನ ಮೇಲಿನ ಸಿಟ್ಟನ್ನೆಲ್ಲ ಮೂಳೆಯ ಮೇಲೆ ತೀರಿಸಿಕೊಂಡಳು. ಬಚ್ಚಲಿನ ಗೋಡೆಯಾಚೆ ಕಾರಿಡಾರು, ಕಾರಿಡಾರಿನಾಚೆ ಹಲೀನಾಳ ಕಿವಿ.

"ಮಧ್ಯಾಹ್ನ ಹೀಟರ್‌ನೋನು ಮತ್ತೆ ಬರ್ತಾನಂತೆ ನಾನಾಯ್. ನೀವು ಇಲ್ಲೇ ಇದ್ದುಬಿಡಿ" ಎಂದ ಟೆರ್ಯೊ.

"ಇವತ್ತೂನಾ?"

"ಇವತ್ತೊಂದೇ ದಿನ."

"ನನ್ನ ಮಗಳ ಹಬ್ಬದ ದಿನ, ಅವಳ ಸ್ನೇಹಿತರು ಬಂದಾಗ್ಲೂ ನಾನು ಬಚ್ಚಲಲ್ಲೇ ಇರಬೇಕಾ? ಕೇಕು ಇಲ್ಲಿಗೇ ಕಳಿಸ್ತೀಯಾ?"

ಟೆರ್ಯೊ ಆ ಬಗ್ಗೆ ಯೋಚಿಸಿರಲಿಲ್ಲ. ಈಗ ಯೋಚಿಸಿ, "ಕಳಿಸ್ತೀನಿ" ಎಂದ.

ಮುದುಕಿ ಸುಮ್ಮನಾದಳು. ಮದುವೆಯಾದಂದಿನಿಂದ ಅತ್ತೆ ಸುಮ್ಮನಾದದ್ದನ್ನು ಟೆರ್ಯೊ ನೋಡಿರಲಿಲ್ಲ. ಬುದ್ಧಿಯಿದ್ದವನಿಗೆ ಅಲ್ಲೇ ಎದೆ ಧಸಕ್ಕೆನ್ನಬೇಕಿತ್ತು. ಇವನು ಗೆದ್ದೆ ಎಂದುಕೊಂಡು, ರಕ್ತದ ಗೊಜ್ಜನ್ನು ಸಣ್ಣ ಉರಿಯಲ್ಲಿಟ್ಟು, ಸೋಫಾದ ಮೇಲೆ ಒರಗಿ ನಿದ್ದೆ ಹೋದ.

ಬಾಗಿಲು ಬಡಿದ ಸದ್ದಿಗೆ ಎದ್ದಾಗ ಬಚ್ಚಲಲ್ಲಿ ನೀರು ಸುರಿಯುತ್ತಿತ್ತು. ಅತ್ತೆ ಸನ್ನೆಗೂ ಕಾಯದೆ ಒಳಗೆ ಸೇರಿಕೊಂಡಿದ್ದಾಳೆ, ಪರವಾಗಿಲ್ಲ, ಕಲಿತಿದ್ದಾಳೆ ಎಂದು ಅವನಿಗೆ ಸಮಾಧಾನವಾಯಿತು. ಗೊಜ್ಜನ್ನು ಒಮ್ಮೆ ತಿರುವಿ, ಸೌಟು ಹಿಡಿದೇ ಬಾಗಿಲು ತೆರೆದ.

ಹೊರಗೆ ಹೀಟರಿನವನಿರಲಿಲ್ಲ. ಕಿನ್ಯೋನೆಸ್ ಎಂದು ಎದೆಯ ಮೇಲೆ ಹೆಸರಿದ್ದ ಒಬ್ಬ ಪೊಲೀಸ್ ಹೆಂಗಸು, ಅವಳ ಹಿಂದೆ ಬಾಗಿಲಿಗಿಂತ ಎತ್ತರದ ಒಬ್ಬ ಪೊಲೀಸು, ಅವನ ತೋಳಿನ ಕೆಳಗಿಂದ ಹಲೀನಾಳ ತಲೆ. ಮೂವರೂ ಮೊದಲು ಟೆರ್ಯೊನ ಮುಖ ನೋಡಲಿಲ್ಲ. ಅವನ ಏಪ್ರನ್ನಿನ ಮೇಲಿನ ರಕ್ತ ನೋಡಿದರು. ಆಮೇಲೆ ಸೌಟಿನಿಂದ ತೊಟ್ಟಿಕ್ಕುತ್ತಿದ್ದುದನ್ನು ನೋಡಿದರು.

"ಈ ಮನೇಲಿ ಯಾರ್ಯಾರಿದೀರಿ?" ಕಿನ್ಯೋನೆಸ್ ಒಂದೊಂದೇ ಮಾತು ಬಿಡಿಸಿ ಕೇಳಿದಳು.

"ಮೂರು ಜನ ಮೇಡಮ್. ಹೆಂಡತಿ. ಮಗಳು. ನಾನು."

"ವಯಸ್ಸಾದ ಹೆಂಗಸು?"

"ಇಲ್ಲ ಮೇಡಮ್. ನಮ್ಮಲ್ಲಿ ಯಾರಿಗೂ ವಯಸ್ಸಾಗಿಲ್ಲ."

"ಸುಳ್ಳು!" ಎಂದು ಹಲೀನಾ ತೋಳಿನ ಕೆಳಗಿಂದ ಚೀರಿದಳು. "ನನ್ನ ಕಣ್ಣಾರೆ ನೋಡಿದೀನಿ, ಹಸಿರು ಶಾಲು ಹೊದ್ದ ಅಜ್ಜಿ ಒಳಗೆ ಹೋದ್ಲು. ಹೊರಗೆ ಬರಲಿಲ್ಲ. ಬೆಳಿಗ್ಗೆಯಿಂದ ಕಡೀತಿದಾನೆ! ಅಜ್ಜಿ ಎಲ್ಲಿ ಅಂದ್ರೆ ಫಿನಿಶ್ ಅಂದ ನಂಗೆ!"

"ಬಚ್ಚಲಲ್ಲಿ ಯಾರಿದಾರೆ?"

"ಯಾರೂ ಇಲ್ಲ ಮೇಡಮ್."

"ನೀರು ಸುರೀತಿದೆಯಲ್ಲ?"

"ಎಸ್ ಮೇಡಮ್."

ಎತ್ತರದ ಪೊಲೀಸಿನ ಕೈ ಮೆಲ್ಲಗೆ ಸೊಂಟದ ಕಡೆ ಇಳಿಯಿತು. ಅಷ್ಟರಲ್ಲಿ ಗಲಾಟೆ ಕೇಳಿ ಟಿಸ್‌ಡೇಲ್ ಮೇಲೆ ಬಂದ. ಟೆರ್ಯೊಗೆ ಜೀವ ಬಂತು. ಕಾಫಿ ಕೊಟ್ಟ ಮನುಷ್ಯ.

"ಸರ್! ಮೂರು ಜನ ಅಂತ ಹೇಳಿ ಸರ್!"

"ಹೌದು, ಮೂರೇ ಜನ" ಎಂದ ಟಿಸ್‌ಡೇಲ್ ಪೊಲೀಸರಿಗೆ. "ನರ್ಸಮ್ಮ, ಅವರ ಮಗಳು, ಅವರ ತಾಯಿ. ಮೂವರೂ ವ್ಯಾನಲ್ಲಿ ಕೂತಿದ್ದಾಗಲೇ ನಾನು ಬರ್ಕೊಂಡಿದೀನಿ."

"ಹಾಗಾದ್ರೆ ಈತ ಯಾರು?"

"ಈತನಾ? ಸಾಮಾನು ಹೊತ್ತು ತಂದ ಹಮಾಲಿ. ಇನ್ನೂ ಯಾಕೆ ಇಲ್ಲೇ ಇದಾನೆ ಅಂತ ನಂಗೂ ಆಶ್ಚರ್ಯ. ಇನ್ನೂ ಎಷ್ಟು ಪೆಟ್ಟಿಗೆ ಇದೆಯಪ್ಪಾ ಅಂತ ಕೇಳ್ದೆ. ಎಸ್ ಸರ್ ಅಂದ."

ಅಮೆರಿಕಕ್ಕೆ ಬಂದ ಮೇಲೆ ಟೆರ್ಯೊಗೆ ಮೊದಲಿನಿಂದ ಕೊನೆಯವರೆಗೆ ಅರ್ಥವಾದ ಮೊದಲ ಉದ್ದನೆಯ ಮಾತು ಇದು. ಅತ್ತೆಯ ಹೆಸರು ಮೊದಲ ದಿನದಿಂದ ಪುಸ್ತಕದಲ್ಲಿತ್ತು. ಇಡೀ ಕಟ್ಟಡದಲ್ಲಿ ಹೆಸರಿಲ್ಲದೆ ವಾಸವಾಗಿದ್ದ ಒಬ್ಬನೇ ಪ್ರಾಣಿ ಅವನೇ.

"ನಾನಾಯ್!" ಎಂದು ಬಚ್ಚಲ ಬಾಗಿಲಿಗೆ ಓಡಿ ಬಡಿದ. "ಹೊರಗೆ ಬನ್ನಿ ನಾನಾಯ್! ನೀವು ಇರಬಹುದಂತೆ! ನಾನೇ ಇರಬಾರದಂತೆ!"

ಒಳಗಿಂದ ನೀರಿನ ಸದ್ದು ಬಿಟ್ಟರೆ ಉತ್ತರವಿಲ್ಲ.

"ಪಕ್ಕಕ್ಕೆ ಸರಿ" ಎಂದು ಕಿನ್ಯೋನೆಸ್ ಅವನನ್ನು ಸರಿಸಿ ಬಾಗಿಲು ನೂಕಿದಳು. ಚಿಲಕ ಹಾಕಿರಲಿಲ್ಲ. ನಲ್ಲಿ ಪೂರ್ತಿ ತೆರೆದಿತ್ತು. ನೆಲದ ಮೇಲೆ ಮಚ್ಚು, ಹಲಗೆಯ ಮೇಲೆ ಕಡಿದ ಮೂಳೆ, ತೊಟ್ಟಿಯಲ್ಲಿ ನೆನೆಹಾಕಿದ ಇನ್ನಷ್ಟು ಮೂಳೆ, ಕೆಂಪು ನೀರು. ಗೋಡೆಯ ಮೊಳೆಗೆ ಹಸಿರು ಶಾಲು ನೇತಾಡುತ್ತಿತ್ತು. ಮುದುಕಿ ಇರಲಿಲ್ಲ.

ಹಲೀನಾ ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು. ಎತ್ತರದ ಪೊಲೀಸು ಟೆರ್ಯೊನ ಎರಡೂ ಕೈ ಹಿಂದಕ್ಕೆ ಹಿಡಿದ. ಟೆರ್ಯೊಗೆ ಅದರ ಪರಿವೆಯೇ ಇರಲಿಲ್ಲ. ಕೈ ಕೊಸರಿಕೊಂಡು ತೊಟ್ಟಿಯೊಳಗೆ ನೋಡಿದ, ಪರದೆಯ ಹಿಂದೆ ನೋಡಿದ, ಒಬ್ಬಳು ಹೆಂಗಸು ಹಿಡಿಸಲಾರದ ಔಷಧಿ ಕಪಾಟಿನೊಳಗೂ ಇಣುಕಿ ನೋಡಿದ.

"ಮೇಡಮ್, ನಮ್ಮತ್ತೆ ಕಳೆದುಹೋಗಿದಾರೆ! ಹುಡುಕಿಕೊಡಿ ಮೇಡಮ್! ಹೊರಗೆ ಹಿಮ! ಇಂಗ್ಲಿಷ್ ಬರಲ್ಲ ಅವರಿಗೆ! ಬೂಟಿಲ್ಲ, ಹವಾಯಿ ಚಪ್ಪಲಿ ಹಾಕ್ಕೊಳ್ತಾರೆ!"

"ಯಾವ ಅತ್ತೆ? ಈಗ ತಾನೆ ಇಲ್ಲ ಅಂದೆಯಲ್ಲ, ಆ ಅತ್ತೆಯಾ?"

"ಆಗ ಇದ್ರು ಮೇಡಮ್, ಅದಕ್ಕೆ ಇಲ್ಲ ಅಂದೆ! ಈಗ ನಿಜವಾಗ್ಲೂ ಇಲ್ಲ!"

ಈ ತರ್ಕವನ್ನು ಅರಗಿಸಿಕೊಳ್ಳಲು ಇಬ್ಬರು ಪೊಲೀಸರಿಗೂ ಸ್ವಲ್ಪ ಸಮಯ ಬೇಕಾಯಿತು. ಕಿನ್ಯೋನೆಸ್ ಅಡಿಗೆಮನೆಗೆ ಹೋಗಿ ಗೊಜ್ಜಿನ ಮುಚ್ಚಳ ತೆಗೆದು, ಹಾಗೇ ಮುಚ್ಚಿ ಬಂದಳು. ಆಸ್ಪತ್ರೆಗೆ ಫೋನು ಹಚ್ಚಿದಳು.

"ನಿಮ್ಮ ಮನೇಲಿ ಒಬ್ಬ ಗಂಡಸಿದಾನೆ. ನಿಮ್ಮ ಗಂಡ ಅಂತಾನೆ. ಹೌದಾ?"

ಫೆಲಿಯ ದನಿ ಫೋನಿನಿಂದ ಎಲ್ಲರಿಗೂ ಕೇಳಿಸಿತು. "ಏನು ಮಾಡಿದಾನೆ ಅಂತ ಮೊದಲು ಹೇಳಿ. ಆಮೇಲೆ ಹೌದೋ ಅಲ್ವೋ ಹೇಳ್ತೀನಿ."

"ನಿಮ್ಮ ತಾಯಿ ಕಾಣಿಸ್ತಿಲ್ಲ."

ಆ ಕಡೆ ಏನೋ ಪಾತ್ರೆ ಬಿದ್ದ ಸದ್ದು. "ನಾನು ಬರ್ತಿದೀನಿ. ಅವನನ್ನ ಬಿಡಬೇಡಿ" ಎಂದು ಫೆಲಿ ಫೋನಿಟ್ಟಳು. ಬಿಡಬೇಡಿ ಎಂದದ್ದು ಯಾವ ಅರ್ಥದಲ್ಲಿ ಎಂದು ಕೇಳುವ ಧೈರ್ಯ ಟೆರ್ಯೊಗೆ ಆಗಲಿಲ್ಲ.

ಅಡಿಗೆಮನೆಯ ಹಿಂಬಾಗಿಲು ಓರೆಯಾಗಿರುವುದನ್ನು ಮೊದಲು ಕಂಡವನು ಟಿಸ್‌ಡೇಲ್. ಅಲ್ಲಿಂದ ಮರದ ಮೆಟ್ಟಿಲುಗಳು ಹಿತ್ತಲಿಗೆ ಇಳಿಯುತ್ತಿದ್ದವು. ಮೆಟ್ಟಿಲ ಮೇಲಿನ ಹಿಮದಲ್ಲಿ ಚಪ್ಪಲಿಯ ಗುರುತು ಒಂದರ ಹಿಂದೊಂದು, ಅಚ್ಚೊತ್ತಿದ ಹಾಗೆ. ಇಡೀ ಷಿಕಾಗೊದಲ್ಲಿ ಆ ಕಾಲದಲ್ಲಿ ಹವಾಯಿ ಚಪ್ಪಲಿ ಮೆಟ್ಟಿ ಹೊರಗಿಳಿಯುವವರು ಇನ್ನೊಬ್ಬರಿರಲಾರರು.

ಎಲ್ಲರೂ ಇಳಿದರು. ಗಾಳಿ ಮುಖವನ್ನು ಸುಲಿಯುತ್ತಿತ್ತು. ಟೆರ್ಯೊ ಏಪ್ರನ್ನಿನಲ್ಲೇ ಓಡಿದ. ಹಿಂದಿನಿಂದ ಒಂದು ಭಾರವಾದ ಉಣ್ಣೆ ಕೋಟು ಅವನ ಬೆನ್ನ ಮೇಲೆ ಬಿತ್ತು.

"ನನ್ನ ಗಂಡಂದು. ಹಾಕ್ಕೋ" ಎಂದಳು ಹಲೀನಾ, ಏದುಸಿರು ಬಿಡುತ್ತಾ. "ನೀನು ಕೊಂದಿದ್ರೂ, ಕೊಲ್ಲದಿದ್ರೂ, ಚಳಿ ಚಳಿಯೇ."

ಗುರುತುಗಳು ಹಿತ್ತಲ ಓಣಿ ದಾಟಿ ದೊಡ್ಡ ರಸ್ತೆಗೆ ಬಂದವು. ರಸ್ತೆಯ ಪಕ್ಕ ಉಪ್ಪು ಚೆಲ್ಲಿ ಹಿಮ ಕರಗಿಸಿದ್ದರು. ಅಲ್ಲಿಗೆ ಗುರುತು ನಿಂತುಹೋಯಿತು. ಒಂದು ಕಡೆ ಬಸ್ಸು ನಿಲ್ಲುವ ಜಾಗ. ಇನ್ನೊಂದು ಕಡೆ, ಮನೆಗಳ ಸಾಲು ಮುಗಿದಲ್ಲಿ, ದಂಡೆಯವರೆಗೆ ಹೆಪ್ಪುಗಟ್ಟಿದ ಸರೋವರ. ಟೆರ್ಯೊ ಒಮ್ಮೆ ಆ ಕಡೆ ನೋಡಿದ, ಒಮ್ಮೆ ಈ ಕಡೆ ನೋಡಿದ. ಕಿನ್ಯೋನೆಸ್ ರೇಡಿಯೋದಲ್ಲಿ ಮಾತಾಡುತ್ತಿದ್ದಳು. ಅವಳ ದನಿಯಲ್ಲಿ ಈಗ ಅನುಮಾನವಿರಲಿಲ್ಲ, ಅವಸರವಿತ್ತು. ಅದು ಅವನನ್ನು ಇನ್ನೂ ಹೆದರಿಸಿತು.

"ನಾನಾಯ್!" ಎಂದು ಅವನು ಶಾಮಿಯಾನದಡಿ ಪಳಗಿದ ಕಂಠದಿಂದ, ಮೈಕಿಲ್ಲದೆ, ಬೀದಿಯ ಎರಡು ತುದಿಗೂ ಕೇಳುವಂತೆ ಕೂಗಿದ. ಪಾರಿವಾಳಗಳು ಎದ್ದವು. ಕಿಟಕಿಗಳು ತೆರೆದವು. ಅತ್ತೆಯ ಉತ್ತರ ಬರಲಿಲ್ಲ. ಮತ್ತೆ ಕೂಗಿದ. ಅವನ ಕಣ್ಣಿನ ನೀರು ಕೆನ್ನೆಯ ಮೇಲೆ ಬರುವಷ್ಟರಲ್ಲಿ ತಣ್ಣಗಾಗುತ್ತಿತ್ತು. ಸರೋವರದ ಕಡೆಗೇ ಕಾಲು ಕಿತ್ತ.

ಮೂಲೆಯ ಅಂಗಡಿಯ ಮುಂದೆ ಹಾದುಹೋಗುವಾಗ ತಟಕ್ಕನೆ ನಿಂತ. ಅದು ಬಟ್ಟೆ ಒಗೆಯುವ ಮಷೀನುಗಳ ಅಂಗಡಿ. ಗಾಜೆಲ್ಲ ಆವಿ ಹಿಡಿದು ಬೆಳ್ಳಗಾಗಿತ್ತು, ಒಳಗೆ ಏನೂ ಕಾಣುತ್ತಿರಲಿಲ್ಲ. ಆದರೆ ಗಾಜು, ಆವಿ, ಮಷೀನುಗಳ ಗರಗರ ಎಲ್ಲವನ್ನೂ ಸೀಳಿಕೊಂಡು ಒಂದು ದನಿ ಹೊರಗೆ ಬರುತ್ತಿತ್ತು. ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದ ದನಿ. ಮದುವೆಯಾದಾಗಿನಿಂದ ಅದನ್ನು ಕೇಳಿ ನಡುಗಿದ ಕಿವಿಗಳಿಗೆ ಅಂದು ಅದರಷ್ಟು ಇಂಪಾದ ಸಂಗೀತ ಇನ್ನೊಂದಿರಲಿಲ್ಲ.

ಬಾಗಿಲು ನೂಕಿದ. ಬಿಸಿಗಾಳಿ, ಸಾಬೂನಿನ ವಾಸನೆ. ನಡುವೆ ಒಂದು ಮೇಜಿನ ಮುಂದೆ, ಫೆಲಿಯ ಹಳೇ ಕೋಟು, ಎರಡು ಜೊತೆ ಕಾಲುಚೀಲ, ಅದರ ಮೇಲೆ ಹವಾಯಿ ಚಪ್ಪಲಿ ಹಾಕಿಕೊಂಡು ಪೂರಿಂಗ್ ಯಾರದೋ ಹಾಸಿಗೆ ಬಟ್ಟೆ ಮಡಿಸುತ್ತಾ ನಿಂತಿದ್ದಳು. ಸುತ್ತ ಐದಾರು ಮೆಕ್ಸಿಕೋ ಹೆಂಗಸರು. ಅವರದು ಸ್ಪ್ಯಾನಿಷ್. ಪೂರಿಂಗಳ ಇಲೋಯ್ಲೊ ಮಾತಿನಲ್ಲಿ ಕಿಟಕಿ, ಮೇಜು, ಚಮಚ, ಷರಾಯಿ, ಸೋಮವಾರ, ದೆವ್ವ ಎಲ್ಲವೂ ಸ್ಪ್ಯಾನಿಷಿನವೇ. ಅಷ್ಟು ಸಾಮಗ್ರಿಯಲ್ಲಿ ಅಳಿಯನ ಕಥೆಯನ್ನು ಧಾರಾಳವಾಗಿ ಹೇಳಬಹುದಿತ್ತು. ಅವನು ಮಧ್ಯಾಹ್ನ ನಿದ್ದೆ ಹೋದಾಗಲೆಲ್ಲ ನಲ್ಲಿ ತೆರೆದಿಟ್ಟು ಇಲ್ಲಿಗೆ ಬಂದು ಕಂತು ಕಂತಾಗಿ ಹೇಳುತ್ತಿದ್ದಳು.

ಹೆಂಗಸರೆಲ್ಲ ಒಟ್ಟಿಗೆ ತಿರುಗಿ ಟೆರ್ಯೊನನ್ನು ನೋಡಿದರು. ಯಾರೂ ಪರಿಚಯ ಮಾಡಿಕೊಡಬೇಕಾಗಲಿಲ್ಲ. ಒಬ್ಬಳು ಕಿನ್ಯೋನೆಸ್‌ಳ ಬಳಿ ಸ್ಪ್ಯಾನಿಷಿನಲ್ಲಿ, "ಬಚ್ಚಲಿನೋನು ಇವನೇನಾ?" ಎಂದು ಕೇಳಿದಳು.

ಕಿನ್ಯೋನೆಸ್ ಅದೇ ಭಾಷೆಯಲ್ಲಿ ನಿಧಾನವಾಗಿ ಮುದುಕಿಯನ್ನು ಕೇಳಿದಳು. "ಅಮ್ಮಾ, ಇವನು ನಿಮಗೆ ಗೊತ್ತಾ?"

ಪೂರಿಂಗ್ ಅಳಿಯನನ್ನು ನೋಡಿದಳು. ರಕ್ತ ಸಿಡಿದ ಏಪ್ರನ್ನು, ಸತ್ತವನ ಕೋಟು, ಮೂಗಿನ ತುದಿಯಲ್ಲಿ ಹೆಪ್ಪುಗಟ್ಟಿದ ಹನಿ. ಅವಳು ಬಟ್ಟೆಯ ಇನ್ನೊಂದು ಮಡಿಕೆ ಹಾಕಿದಳು. ಎತ್ತರದ ಪೊಲೀಸು ಟೆರ್ಯೊನ ಇನ್ನಷ್ಟು ಹತ್ತಿರ ಬಂದು ನಿಂತ. ಮಷೀನೊಂದು ಗಕ್ಕೆಂದು ನಿಂತಿತು.

"ಇಲ್ಲ" ಎಂದಳು ಪೂರಿಂಗ್.

"ನಾನಾಯ್!"

"ಬಂದೋರಿಗೆಲ್ಲ ನನ್ನ ಇಲ್ಲ, ಇಲ್ಲ ಅಂತ ಹೇಳ್ದೆಯಲ್ಲ? ಬಚ್ಚಲಲ್ಲಿ ಕೂತು ನಾನು ಕೇಳಿಸ್ಕೊಳ್ತಿದ್ದೆ. ಹೇಗಿದೆ ಆ ಮಾತು, ಕೇಳೋಕೆ?"

"ಮನೆ ಕಿತ್ಕೊಳ್ತಾರೆ ಅಂತ ಹೆದರಿದ್ದೆ ನಾನಾಯ್. ಮ್ಯಾನೇಜರ್ ಹತ್ರ ನಾನು ಮಾತೇ ಆಡಿರಲಿಲ್ಲ. ಅವರು ಹೇಳಿದ್ದು ನಂಗೆ ಅರ್ಥವೇ ಆಗಿರಲಿಲ್ಲ. ನಂಗೆ ಇಂಗ್ಲಿಷ್ ಬರಲ್ಲ."

ಕೊನೆಯ ವಾಕ್ಯ ಅವನ ಬಾಯಿಂದ ಹೊರಬಿದ್ದಾಗ ಅವನಿಗೇ ಅಚ್ಚರಿಯಾಯಿತು. ಇಲೋಯ್ಲೊದಲ್ಲಿ ಇದನ್ನು ಹೇಳುವ ಬದಲು ಅವನು ಸಮುದ್ರಕ್ಕೆ ಹಾರುತ್ತಿದ್ದ.

"ಗೊತ್ತು" ಎಂದಳು ಪೂರಿಂಗ್. "ನಿನ್ನ ಮದುವೇಲೇ ಗೊತ್ತಾಯ್ತು. ಗುಡ್ ಈವಿನಿಂಗ್ ಅಂದೆ. ಆಗ ಬೆಳಿಗ್ಗೆ."

ಟೆರ್ಯೊ ಬಗ್ಗಿ, ಮುದುಕಿಯ ಸಾಬೂನು ವಾಸನೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ತಮ್ಮೂರಲ್ಲಿ ಹಿರಿಯರಿಗೆ ನಮಸ್ಕರಿಸುವ ರೀತಿಯಲ್ಲಿ ತನ್ನ ಹಣೆಗೆ ಒತ್ತಿಕೊಂಡ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕೊಡಲೂ ಇಲ್ಲ. ಹಾಗೇ ಬಿಟ್ಟಿದ್ದಳು. ಮೆಕ್ಸಿಕೋ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು.

"ಅಳಿಯ ಅಂತ ಬರ್ಕೋ" ಎಂದಳು ಪೂರಿಂಗ್ ಕೊನೆಗೆ ಕಿನ್ಯೋನೆಸ್‌ಳಿಗೆ. "ಇನ್ನೇನು ಮಾಡೋದು."

ಮನೆಗೆ ಬಂದಾಗ ಫೆಲಿ ಬಾಗಿಲಲ್ಲಿ ಸಮವಸ್ತ್ರದಲ್ಲೇ ನಿಂತಿದ್ದಳು. ತಾಯಿಯನ್ನು ಅಪ್ಪಿಕೊಂಡು ಅತ್ತಳು. ಅತ್ತಾದ ಮೇಲೆ ಅವಳು ಗಂಡನಿಗೆ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಅದು ಅವರ ಭಾಷೆಯಲ್ಲಿತ್ತಾದರೂ ಪೊಲೀಸರು ಸಂಕೋಚದಿಂದ ಮೆಟ್ಟಿಲಿಳಿದು ಹೋದರು. ಕೋಟು ವಾಪಸು ತೆಗೆದುಕೊಳ್ಳಲು ಬಂದ ಹಲೀನಾ ಒಳಗೆ ಹೋಗಿ, ಯಾರೂ ಕರೆಯದೆ, ಗೊಜ್ಜಿನ ಮುಚ್ಚಳ ಎತ್ತಿದಳು. ಎಲ್ಲರೂ ಅವಳ ಮುಖವನ್ನೇ ನೋಡಿದರು. ಮೂಸಿದಳು. ಸೌಟಿನ ತುದಿಯಿಂದ ನಾಲಿಗೆಗೆ ಮುಟ್ಟಿಸಿದಳು.

"ರಕ್ತ" ಎಂದಳು.

"ಎಸ್ ಮೇಡಮ್" ಎಂದ ಟೆರ್ಯೊ, ಹಿಂದೆ ಸರಿಯುತ್ತಾ.

"ನಮ್ಮಮ್ಮ ಬಾತುಕೋಳಿ ರಕ್ತದಲ್ಲಿ ಮಾಡ್ತಿದ್ದಳು. ಅವಳು ಹೋದ ಮೇಲೆ ತಿಂದೇ ಇಲ್ಲ." ಹಲೀನಾ ಕುರ್ಚಿ ಎಳೆದುಕೊಂಡು ಕೂತಳು. "ಹುಳಿ ಸ್ವಲ್ಪ ಕಮ್ಮಿ."

ಜೆನಲಿನ್ ಈ ಮಾತನ್ನು ಅಜ್ಜಿಗೆ ಅನುವಾದಿಸಿದಳು. ಪೂರಿಂಗ್ ಅಳಿಯನ ಕಡೆ ತಿರುಗಿ, "ಬೆಳಿಗ್ಗೆಯಿಂದ ಇದನ್ನೇ ನಾನು ಹೇಳ್ತಿದ್ದೆ" ಎಂದಳು. ಆ ರಾತ್ರಿಯ ಊಟದಲ್ಲಿ ಅವಳು ಮೇಜಿನ ತಲೆಯ ಕಡೆ ಕೂತಳು. ಪಕ್ಕದಲ್ಲಿ ಹಲೀನಾ. ಇಬ್ಬರ ನಡುವೆ ಒಂದೇ ಒಂದು ಪದ ಹೊಂದದಿದ್ದರೂ ಅನ್ನ ಮುಗಿಯುವವರೆಗೆ ಮಾತು ನಿಲ್ಲಲಿಲ್ಲ.

ಮರುದಿನ ಇಡೀ ಸಂಸಾರ ಟಿಸ್‌ಡೇಲ್‌ನ ಆಫೀಸಿನಲ್ಲಿ ಸಾಲಾಗಿ ನಿಂತಿತು. ಅವನು ಕನ್ನಡಕ ಏರಿಸಿ, ಪುಸ್ತಕ ತೆರೆದು, ಪೆನ್ನು ಹಿಡಿದ. ಜೆನಲಿನ್ ದುಭಾಷಿಯಾದಳು. ಟೆರ್ಯೊಗೆ ಬಾಯಿ ತೆರೆಯಕೂಡದೆಂದು ಮನೆಯಲ್ಲೇ ಹೇಳಿ ಕರೆತಂದಿದ್ದರು.

"ಇವರನ್ನ ಸೇರಿಸೋಕೆ ಏನೂ ತೊಂದ್ರೆ ಇಲ್ಲ" ಎಂದ ಟಿಸ್‌ಡೇಲ್. "ಆದ್ರೆ ಈಗಾಗ್ಲೇ ಹೆಸರಿರೋ ಹಿರಿಯರು ಒಪ್ಪಬೇಕು. ಇಲ್ಲಿ ಎರಡು ಕಾಲಂ ಇದೆ. ಖಾಯಂ ವಾಸ, ಇಲ್ಲಾಂದ್ರೆ ಅತಿಥಿ. ಯಾವುದಕ್ಕೆ ಗುರುತು ಹಾಕ್ಲಿ?"

ಫೆಲಿ ಗಂಡನ ಮುಖ ನೋಡಿದಳು. ಆಮೇಲೆ ತಾಯಿಯ ಮುಖ ನೋಡಿದಳು.

ಪೂರಿಂಗ್ ಮುದುಕಿ ಅಳಿಯನನ್ನು ಅಡಿಯಿಂದ ಮುಡಿಯವರೆಗೆ, ಸಂತೆಯಲ್ಲಿ ಮೀನಿನ ಕಿವಿರು ಬಿಡಿಸಿ ನೋಡುವವಳಂತೆ, ಸಾವಕಾಶವಾಗಿ ನೋಡಿದಳು.

"ಸದ್ಯಕ್ಕೆ ಅತಿಥಿ ಅಂತ ಹಾಕ್ಕೊಳ್ಳಪ್ಪ" ಎಂದಳು.